ಹೊರಗಡೆ ಇಟ್ಟ ಬಚ್ಚಲ ಬಾಯ್ಲರ್‌ಗೆ ಗೂಡು ಕಟ್ಟೋದು ಹೇಗೆ?

ಪ್ರಶ್ನೆ: ನಮ್ದು ಸಾಗರದ ಹತ್ರ ಹಳ್ಳಿ. ಹಳೇ ಹಂಡೆ ಒಲೆ ತೆಗೆಸಿ ಬಚ್ಚಲ ಹಿಂದೆ ಹೊರಗಡೆ ಸೌದೆ ಬಾಯ್ಲರ್ ಕೂರಿಸಿದೀವಿ. ಮಳೆಗಾಲದಲ್ಲಿ ಎರಚಲು ಹೊಡೆದು ಬೆಂಕಿನೇ ಹತ್ತಲ್ಲ. ಹೋದ ವರ್ಷ ಸುತ್ತ ಟಾರ್ಪಲ್ ಕಟ್ಟಿದ್ವಿ, ಹೊಗೆಯೆಲ್ಲ ಬಚ್ಚಲಿಗೇ ನುಗ್ತಿತ್ತು. ನಾಲ್ಕೂ ಕಡೆ ಗೋಡೆ ಎತ್ತಿ ಬಾಗ್ಲು ಇಡೋಣ ಅಂತಾರೆ ನಮ್ಮನೆಯವರು. ಸರೀನಾ?

ಉತ್ತರ: ಬೇಡ ಅಂತ ಹೇಳಿ ಅವ್ರಿಗೆ. ಒಲೆಗೆ ಗಾಳಿ ಸಾಲದೇ ಇದ್ರೆ ಸೌದೆ ಪೂರ್ತಿ ಉರಿಯಲ್ಲ, ಹೊಗೆ ಜೊತೆ ಕಾರ್ಬನ್ ಮೋನಾಕ್ಸೈಡ್ ಬರುತ್ತೆ, ಅದಕ್ಕೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ಸ್ನಾನಕ್ಕೆ ಹೋದವ್ರು ಅಲ್ಲೇ ತಲೆ ಸುತ್ತಿ ಬಿದ್ರೆ ಗೊತ್ತೂ ಆಗಲ್ಲ. ಬಾಯ್ಲರ್ ಪಕ್ಕದ ಬಚ್ಚಲ ಕಿಟಕಿ ಮುಚ್ಚಿಸಿ, ಬೇರೆ ಗೋಡೇಲಿ ಗಾಳಿಗೆ ದಾರಿ ಬಿಡಿ.

ಮಳೆಗಾಲದ ಗಾಳಿ ಬೀಸೋದು ಪಡುವಣದಿಂದ, ತೆಂಕಣದಿಂದ. ಆ ಎರಡು ಕಡೆ ಮಾತ್ರ ಜಂಬಿಟ್ಟಿಗೆ ಗೋಡೆ ಎತ್ತಿ, ಮಾಡಿಗೆ ಅರ್ಧ ಅಡಿ ಇರೋವಾಗ ನಿಲ್ಲಿಸಿ. ಸೌದೆ ಹಾಕೋ ಬಾಯಿ ಮೂಡಣಕ್ಕೆ ಇರಲಿ, ಆ ಕಡೆ ಪೂರ್ತಿ ತೆರೆದಿಟ್ಟು ಮಾಡನ್ನ ಮೂರಡಿ ಮುಂದಕ್ಕೆ ಚಾಚಿಸಿ. ಮೇಲೆ ಜಿಐ ಶೀಟೇ ಹಾಕಿ, ಫೈಬರ್ ಶೀಟು ಬೇಡ, ಸೋಗೆಯಂತೂ ಬೇಡವೇ ಬೇಡ.

ಎಲ್ರೂ ಎಡವೋದು ಹೊಗೆ ಕೊಳವೆ ಹತ್ರ. ಶೀಟಿಗೆ ಕೊಳವೆ ಅಳತೆಗೇ ತೂತು ಕೊರೆದು ಸಿಲಿಕಾನ್ ಬಳಿದ್ರೆ ಒಂದು ತಿಂಗಳಲ್ಲಿ ಸುಟ್ಟು ಉದುರುತ್ತೆ, ಆಮೇಲೆ ಮಸಿ ನೀರು ತೊಟ್ಟಿಕ್ತಾ ಇರುತ್ತೆ. ತೂತು ದೊಡ್ಡದಾಗೇ ಇರಲಿ, ಅಂಚನ್ನ ಒಂದೆರಡು ಇಂಚು ಮೇಲಕ್ಕೆ ಮಡಚಿ, ಅದ್ರ ಮೇಲೆ ಕೊಳವೆಗೇ ತಗಡಿನ ಕೊಡೆಯೊಂದನ್ನ ಬೆಸುಗೆ ಹಾಕ್ಸಿ. ಹಂಚಿನ ಮನೆಯಲ್ಲಿ ಮರದ ರೀಪು ಇರುತ್ತಲ್ಲ, ಅದು ಕೊಳವೆಯಿಂದ ಒಂದೂವರೆ ಅಡಿ ದೂರ ಇರ್ಲೇಬೇಕು. ಕೊಳವೆ ತುದಿ ಮನೆ ಮಾಡಿಗಿಂತ ಎತ್ತರ ಹೋಗ್ಲಿ, ಇಲ್ದಿದ್ರೆ ಗಾಳಿ ಹೊಗೆನ ಕೆಳಕ್ಕೇ ತಳ್ಳುತ್ತೆ.

ಆವಿ ಹೋಗೋಕೆ ಮೇಲೆ ಸಣ್ಣ ಪೈಪ್ ಇರುತ್ತಲ್ಲ, ಮಳೆನೀರು ಬೀಳುತ್ತೆ ಅಂತ ಅದಕ್ಕೆ ಕ್ಯಾಪ್ ಹಾಕ್ಬೇಡಿ, ಬಾಯ್ಲರ್ ಒಡೆದೀತು. ತುದಿನ ಕೆಳಕ್ಕೆ ಬಗ್ಗಿಸಿದ್ರೆ ಸಾಕು.

ಅಡಿಕೆ ಸಿಪ್ಪೆ ಒಣಗ್ಲಿ ಅಂತ ಬಾಯ್ಲರಿಗೆ ಒರಗಿಸಿ ರಾಶಿ ಹಾಕೋ ಚಾಳಿ ನಮ್ ಕಡೆ ಎಲ್ರಿಗೂ ಇದೆ, ಒಂದು ಕಿಡಿ ಸಾಕು, ನಾಲ್ಕಡಿ ಆಚೆ ಇಡಿ. ಬೂದಿ ದಿನಾ ತೆಗೀರಿ, ಒದ್ದೆ ಬೂದಿ ಕೂತ್ರೆ ತಳದ ತಗಡನ್ನ ತಿಂದ್ಹಾಕುತ್ತೆ.