ಸಂಪಾದಕರ ಉತ್ತರ: ಆಪ್ತಸಮಾಲೋಚನೆಯ ಕಡತ ಯಾರ ಕೈಗೆ?

ಮಾನ್ಯರೆ,

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗನ ಕುರಿತು ನೀವು ಬರೆದ ಪತ್ರ ತಲುಪಿದೆ. ನಿಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಬಿಟ್ಟು, ವಿಷಯವನ್ನಷ್ಟೇ ಓದುಗರ ಮುಂದಿಡುತ್ತಿದ್ದೇವೆ. ಮಗನಿಗೆ ಕಲಿಕಾ ನ್ಯೂನತೆಯಿದೆ ಎಂದು ತಿಳಿದ ಮೇಲೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ದೊರೆಯಲಿ ಎಂದು ಮನಶ್ಶಾಸ್ತ್ರಜ್ಞರ ಪೂರ್ಣ ವರದಿಯನ್ನೇ ಶಾಲೆಗೆ ಕೊಟ್ಟಿರಿ. ಅದರಲ್ಲಿ ಬುದ್ಧಿಮಟ್ಟದ ಅಂಕಿಯಿಂದ ಹಿಡಿದು ತಂದೆಯ ಕುಡಿತ, ಮನೆಯ ಜಗಳ, ಹುಡುಗ ರಾತ್ರಿ ಬೆಚ್ಚಿಬೀಳುವುದರವರೆಗೆ ಎಲ್ಲವೂ ಇತ್ತು. ಶಿಕ್ಷಕರೊಬ್ಬರು ಅದರ ಪುಟಗಳ ಫೋಟೊ ತೆಗೆದು ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಕೆಲವೇ ದಿನಗಳಲ್ಲಿ ಸಹಪಾಠಿಯೊಬ್ಬ ಆಟದ ಮೈದಾನದಲ್ಲಿ ಅಪ್ಪನ ವಿಷಯ ಎತ್ತಿ ಅವನನ್ನು ಹಂಗಿಸಿದ. ಈಗ ಶಾಲೆ ಬದಲಿಸುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಆ ಕಡತ ಹೊಸ ಶಾಲೆಗೂ ಹೋಗಬೇಕೆ? ಶಾಲೆಯ ಆಪ್ತಸಮಾಲೋಚಕಿ ಮಗನ ಬಗ್ಗೆ ಬರೆದಿಟ್ಟ, ನೀವು ಕೇಳಿದರೂ ಶಾಲೆ ತೋರಿಸದ ಟಿಪ್ಪಣಿಗಳನ್ನು ನೋಡುವ ಹಕ್ಕು ನಿಮಗಿದೆಯೆ?

ಹುಡುಗನಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಫೋಟೊ ಹಂಚಿದವರ ತಪ್ಪು ದೊಡ್ಡದೇ. ಆದರೆ ಹಂಚಲು ಅಷ್ಟೆಲ್ಲ ಶಾಲೆಯ ಕೈಯಲ್ಲಿ ಇದ್ದುದಾದರೂ ಏಕೆ ಎಂಬುದು ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ. ಮಗುವಿಗಾಗಿ ತಾನು ಏನು ಮಾಡಬೇಕು ಎಂಬುದು ಶಾಲೆಗೆ ತಿಳಿದಿರಬೇಕು. ಮಗು ಯಾರ ಬಳಿ ಏನು ಹೇಳಿಕೊಂಡು ಅತ್ತಿತು ಎಂಬುದು ತಿಳಿಯಬೇಕಾಗಿಲ್ಲ. ಮುಂದಿನ ಬೆಂಚಿನಲ್ಲಿ ಕೂರಿಸಿ, ಗಟ್ಟಿಯಾಗಿ ಓದಲು ಒತ್ತಾಯಿಸಬೇಡಿ, ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ, ಪರೀಕ್ಷೆಗೆ ಹೆಚ್ಚು ಸಮಯ ಕೊಡಿ ಎಂಬ ಸೂಚನೆಗಳೆಲ್ಲ ಒಂದು ಹಾಳೆಯಲ್ಲಿ ಮುಗಿಯುತ್ತವೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿರುವುದರಿಂದ, ಈ ಸೌಲಭ್ಯಗಳನ್ನು ಪಡೆಯಲು ತಾಯಿಯೊಬ್ಬಳು ಮನೆಯ ಕಥೆಯನ್ನೆಲ್ಲ ಬಿಚ್ಚಿಟ್ಟು ಕರುಣೆ ಬೇಡಬೇಕಾಗಿಲ್ಲ.

ಬುದ್ಧಿಮಟ್ಟದ ಅಂಕಿಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ರೂಪಿಸಿದ್ದರು. ಇಂಥ ಪರೀಕ್ಷೆಗಳಲ್ಲಿ ಮಗು ಯಾವ ಬಗೆಯ ಪ್ರಶ್ನೆಗೆ ತಡವರಿಸಿತು, ಯಾವುದನ್ನು ಸಲೀಸಾಗಿ ಬಿಡಿಸಿತು ಎಂಬುದರಲ್ಲೇ ಪರಿಣತರಿಗೆ ಅರ್ಥ ಸಿಗುತ್ತದೆ. ಸರಾಸರಿ 100 ಇರುವ ಮಾಪನದಲ್ಲಿ 88 ಎಂಬ ಅಂಕಿ ಆತಂಕಪಡುವಂಥದ್ದಲ್ಲ. ಅದೇ ಅಂಕಿ ಸಿಬ್ಬಂದಿ ಕೊಠಡಿಗೆ ಬಂದರೆ, ನೂರಕ್ಕೆ ಅಂಕ ಕೊಟ್ಟು ರೂಢಿಯಾದ ಕಣ್ಣಿಗೆ ಬೇರೆಯೇ ಆಗಿ ಕಾಣಿಸಿ, ಹುಡುಗ ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಅವನ ಹಣೆಪಟ್ಟಿಯಾಗಿ ಉಳಿಯುತ್ತದೆ. ಪರೀಕ್ಷೆಯ ಪ್ರಶ್ನೆಗಳೂ ಮಗು ಬರೆದ ಉತ್ತರದ ಹಾಳೆಗಳೂ ಶಾಲೆಗೆ ಖಂಡಿತ ಹೋಗಬಾರದು. ಪ್ರಶ್ನೆಗಳು ಹೊರಬಿದ್ದರೆ ಮುಂದೆ ಬರುವ ಮಕ್ಕಳ ತಪಾಸಣೆಯೂ ಕೆಡುತ್ತದೆ.

ಕಾನೂನು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನ ಪ್ರಕಾರ ಚಿಕಿತ್ಸೆ ಕೊಡುವವರು ಗೋಪ್ಯತೆ ಕಾಪಾಡಲೇಬೇಕು. ಆದರೆ ಅದೇ ವರದಿ ಪೋಷಕರ ಕೈಯಿಂದಲೇ ಶಾಲೆಯ ಕಚೇರಿ ಸೇರಿತೆಂದರೆ, ಶುಲ್ಕದ ರಸೀದಿಗಳ ಪಕ್ಕದಲ್ಲಿ, ಯಾರು ಬೇಕಾದರೂ ತೆಗೆಯಬಹುದಾದ ಬೀರುವಿನಲ್ಲಿ ಅದು ಬಿದ್ದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಕಡ್ಡಾಯವೆನ್ನುತ್ತದೆ, ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡವನ್ನೂ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಷ್ಟೇ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಈ ಕಾಯ್ದೆ ಕಾಗದದಲ್ಲೇ ಉಳಿದ ಕಡತಕ್ಕೆ ಅನ್ವಯಿಸುವುದಿಲ್ಲ, ಕಾಗದವನ್ನು ಸ್ಕ್ಯಾನ್ ಮಾಡಿದರೆ ಅನ್ವಯಿಸುತ್ತದೆ. ಆದ್ದರಿಂದ ಮಕ್ಕಳ ವರದಿಗಳ ಫೋಟೊ ತೆಗೆದು ಕಳಿಸುವ ಅಭ್ಯಾಸವನ್ನು ಶಾಲೆಗಳು ಇಂದೇ ನಿಲ್ಲಿಸುವುದು ಒಳ್ಳೆಯದು. ಕಾಯ್ದೆ ಜಾರಿಯಾಗುವವರೆಗೆ ಕಾಯಬೇಕಾದ ವಿಷಯವೇ ಇದಲ್ಲ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದೇ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಳ. ವರ್ಗಾವಣೆ ಪ್ರಮಾಣಪತ್ರ ಹೋಗಲಿ; ಮನಶ್ಶಾಸ್ತ್ರಜ್ಞರ ವರದಿ ಅದರ ಹಿಂದೆ ಪಿನ್ ಹಾಕಿಸಿಕೊಂಡು ಹೋಗುವುದು ಬೇಡ. ಹೊಸ ಶಾಲೆಗೆ ಏನು ತಿಳಿಯಬೇಕೆಂಬುದನ್ನು ನೀವೂ ನಿಮ್ಮ ಮಗನೂ ಕೂತು ನಿರ್ಧರಿಸಿ.

ಎರಡನೆಯ ಪ್ರಶ್ನೆಗೆ ಅಷ್ಟು ಸುಲಭವಾಗಿ ಉತ್ತರಿಸಲಾಗದು. ಅಮೆರಿಕದಲ್ಲಿ 1974ರ ಕಾನೂನೊಂದು ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕನ್ನು ಪೋಷಕರಿಗೆ ಕೊಟ್ಟಿದೆ. ಆದರೆ ಸಿಬ್ಬಂದಿಯೊಬ್ಬರು ಕೇವಲ ತಮ್ಮ ನೆನಪಿಗಾಗಿ ಬರೆದು, ಬೇರೆ ಯಾರಿಗೂ ತೋರಿಸದೆ ಇಟ್ಟುಕೊಂಡ ಟಿಪ್ಪಣಿಯನ್ನು ಅದು ಆ ದಾಖಲೆಗಳಿಂದ ಹೊರಗಿಟ್ಟಿದೆ. ನಮ್ಮ ಶಾಲೆಗಳಿಗೆ ಇಷ್ಟು ಸ್ಪಷ್ಟವಾದ ಗೆರೆಯಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ತಾಯಿಯಾಗಿ ಮಗನ ಕ್ಷೇಮದ ಬಗ್ಗೆ ತಿಳಿಯುವ ಹಕ್ಕು ನಿಮಗಿದೆ, ಶಾಲೆ ನಿಮ್ಮನ್ನು ಬರಿಗೈಯಲ್ಲಿ ಕಳಿಸಿದ್ದು ಸರಿಯಲ್ಲ. ಆದರೂ ಟಿಪ್ಪಣಿಯ ಸಾಲುಸಾಲನ್ನೂ ಓದಲೇಬೇಕೆಂದು ಪಟ್ಟುಹಿಡಿಯಬೇಡಿ ಎಂದು ಕೇಳಿಕೊಳ್ಳುತ್ತೇವೆ. ಹದಿನಾಲ್ಕರ ಹುಡುಗ ಮುಚ್ಚಿದ ಬಾಗಿಲ ಹಿಂದೆ ಹೇಳಿದ ಮಾತು ಸಂಜೆ ಅಮ್ಮನ ಬಾಯಲ್ಲಿ ಬಂದರೆ, ಅವನು ಮತ್ತೆ ಆ ಕೋಣೆಗೆ ಹೋಗುವುದಿಲ್ಲ. ಮಗನ ಸಮ್ಮುಖದಲ್ಲೇ ಸಮಾಲೋಚಕಿಯನ್ನು ಭೇಟಿಯಾಗಿ, ಮನೆಯಲ್ಲಿ ನೀವು ಏನು ಮಾಡಿದರೆ ಅವನಿಗೆ ಅನುಕೂಲ ಎಂದು ಕೇಳಿ. ಟಿಪ್ಪಣಿಗಿಂತ ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗೋಪ್ಯತೆಗೂ ಒಂದು ಎಲ್ಲೆಯಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆಗಲಿ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಪ್ರಾಣಕ್ಕೆ ಅಪಾಯವಿರುವಾಗಲೂ ಸುಮ್ಮನಿರುವಂತಿಲ್ಲ. ಈ ಸಂದರ್ಭಗಳಲ್ಲಿ ತಾನು ಗುಟ್ಟು ಇಟ್ಟುಕೊಳ್ಳಲಾರೆ ಎಂದು ಸಮಾಲೋಚಕರು ಮೊದಲ ಭೇಟಿಯಲ್ಲೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಹೇಳದೆ ಮಾತು ಕೊಟ್ಟು ಆಮೇಲೆ ಮುರಿಯುವುದು ಮಗುವಿಗೆ ಮಾಡುವ ದ್ರೋಹ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೀಡಿದ ಮಾರ್ಗಸೂಚಿಯಂತೆ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಬೇಕು, ವಾರ್ಷಿಕ ವರದಿಗೆ ಬೇಕಾದ ದಾಖಲೆಯನ್ನು ಗುರುತು ಸಿಗದಂತೆ ಇಡಬೇಕು. ಸಮಾಲೋಚಕರು ಬರುತ್ತಾರೆಂದರೆ ಕಡತಗಳೂ ಬರುತ್ತವೆ. ಪ್ರತ್ಯೇಕ ಬೀಗವಿರುವ ಕಪಾಟು ಎಲ್ಲಿ, ಅದರ ಕೀಲಿ ಯಾರ ಬಳಿ, ಮಗು ಶಾಲೆ ಬಿಟ್ಟ ಮೇಲೆ ಕಡತ ಎಷ್ಟು ಕಾಲ ಇರುತ್ತದೆ ಎಂಬುದನ್ನು ಶಾಲಾ ಆಡಳಿತ ಮಂಡಳಿಗಳು ನೇಮಕಾತಿಗೆ ಮುಂಚೆಯೇ ತೀರ್ಮಾನಿಸಿಕೊಳ್ಳಲಿ.

ನೀವು ಈಗ ಮಾಡಬೇಕಾದುದು ಇಷ್ಟು. ಮುಖ್ಯಶಿಕ್ಷಕರಿಗೆ ಲಿಖಿತ ಪತ್ರ ಕೊಟ್ಟು, ವರದಿಯ ಮೂಲಪ್ರತಿಯನ್ನೂ ನಕಲುಗಳನ್ನೂ ಹಿಂದಕ್ಕೆ ಕೇಳಿ. ಗುಂಪಿನಿಂದಲೂ ಸಿಬ್ಬಂದಿಯ ಫೋನುಗಳಿಂದಲೂ ಫೋಟೊ ಅಳಿಸಲಾಗಿದೆ ಎಂದು ಬರಹದಲ್ಲಿ ತಿಳಿಸುವಂತೆ ಒತ್ತಾಯಿಸಿ. ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಪಾಸಣೆ ಮಾಡಿದ ಮನಶ್ಶಾಸ್ತ್ರಜ್ಞರ ಬಳಿ ಹೋಗಿ, ನ್ಯೂನತೆಯ ಹೆಸರು ಮತ್ತು ಕೊಡಬೇಕಾದ ಸೌಲಭ್ಯ ಮಾತ್ರ ಇರುವ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಪರೀಕ್ಷಾ ಮಂಡಳಿ ಹೆಚ್ಚಿನ ದಾಖಲೆ ಕೇಳಿದರೆ ಅದನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ. ಹೊಸ ಶಾಲೆಗೆ ಆ ಒಂದು ಪುಟವನ್ನು ಒಯ್ಯುವ ಮುನ್ನ ಮಗನಿಗೆ ಅದನ್ನು ಓದಿಸಿ, ಅವನಿಗೆ ಬೇಡವೆನಿಸಿದ ಸಾಲು ಇದ್ದರೆ ತೆಗೆಸಿ.

— ಸಂಪಾದಕ