ಮರುಭೂಮಿ ಬೇಟೆಗೆ ಮಗನ್ನ ಕರ್ಕೊಂಡ್ ಹೋಗ್ಬಹುದಾ?

ಪ್ರಶ್ನೆ: ನಾವು ಅಮೆರಿಕದ ಅರಿಜೋನಾದಲ್ಲಿದೀವಿ. ನಮ್ಮನೆಯವರ ಫ್ರೆಂಡ್ ಫ್ಯಾಮಿಲಿ ಜಿಂಕೆ ಬೇಟೆಗೆ ಕರೀತಿದಾರೆ. 11 ವರ್ಷದ ಮಗ ತಾನೂ ಬೇಟೆ ಆಡ್ತೀನಿ ಅಂತಾನೆ, ಬಿಡ್ಬಹುದಾ?

ಉತ್ತರ: ಬಿಡ್ಬಹುದು, ಆದ್ರೆ ಮೊದ್ಲು ಕೋರ್ಸ್ ಆಗ್ಲೇಬೇಕು. ಅಲ್ಲಿ 10 ವರ್ಷದ ಒಳಗಿನ ಮಕ್ಕಳು ಜಿಂಕೆ ಹೊಡೆಯೋ ಹಾಗಿಲ್ಲ, 10ರಿಂದ 13ರವರಿಗೆ ಹಂಟರ್ ಎಜುಕೇಷನ್ ಕೋರ್ಸ್ ಕಡ್ಡಾಯ. ಲೈಸೆನ್ಸ್ ಜೊತೆ ಟ್ಯಾಗ್ ಬೇಕು, ಅಂದ್ರೆ ಒಂದು ಜಿಂಕೆ ಹೊಡೆಯೋಕೆ ಕೊಡೋ ಪರವಾನಗಿ ಚೀಟಿ, ಬಂದೂಕಿನ ಬೇಟೆಗೆ ಅದು ಲಾಟರಿಯಲ್ಲಿ ಬರುತ್ತೆ, ಅಪ್ಪ ಅಮ್ಮನ ಹತ್ರ ಬಳಸದೇ ಇರೋ ಟ್ಯಾಗ್ ಇದ್ರೆ ಅಲ್ಲಿನ ವನ್ಯಜೀವಿ ಇಲಾಖೆ ಮೂಲಕ ಮಗನ ಹೆಸರಿಗೆ ಮಾಡಿಸ್ಬಹುದು, ಇದು ನಂಗೆ ತುಂಬಾ ಇಷ್ಟವಾದ ನಿಯಮ.

ಅಲ್ಲಿರೋದು ಎರಡು ಜಾತಿ, ಉದ್ದ ಕಿವಿಯ ಮ್ಯೂಲ್ ಡಿಯರ್ ಮತ್ತೆ ಚಿಕ್ಕ ಗಾತ್ರದ ಕೂಸ್ ಡಿಯರ್. ಬೂದು ಬಣ್ಣದ ಕೂಸ್ ಕಲ್ಲು ಪೊದೆ ಮಧ್ಯೆ ನಿಂತ್ರೆ ಕಣ್ಣಿಗೇ ಬೀಳಲ್ಲ, ಅದಕ್ಕೇ ಅಲ್ಲಿನೋರು ಟ್ರೈಪಾಡ್ ಮೇಲೆ ಬೈನಾಕ್ಯುಲರ್ ಇಟ್ಕೊಂಡು ಎದುರಿನ ಗುಡ್ಡವನ್ನ ಗಂಟೆಗಟ್ಲೆ ನೋಡ್ತಾ ಕೂರ್ತಾರೆ, ಮಕ್ಕಳಿಗೆ ಬೇಜಾರಾಗೋದು ಇಲ್ಲೇ, ಹಾಗಾಗಿ ಮಗನಿಗೂ ಒಂದು ಬೈನಾಕ್ಯುಲರ್ ಕೊಡಿ, ಮೊದ್ಲು ಅವನೇ ಹುಡುಕ್ಲಿ.

ನೀರು ಧಾರಾಳವಾಗಿ ಒಯ್ಯಿರಿ. ಪ್ರಾಣಿಗಳು ನೀರು ಕುಡಿಯೋ ಜಾಗದಿಂದ ಕಾಲು ಮೈಲಿ ಒಳಗೆ ಟೆಂಟ್ ಬೇಡ, ಅವು ಹತ್ರ ಬರೋಕೇ ಹೆದರ್ತವೆ, ಕಾನೂನೂ ಒಪ್ಪಲ್ಲ. ಹಗಲು ಬಿಸಿಲಿದ್ರೆ ಮಾಂಸ ಬೇಗ ಕೆಡುತ್ತೆ, ಹೊಡೆದ ತಕ್ಷಣ ಕರುಳು ತೆಗೆದು ಚರ್ಮ ಸುಲಿದು ನೆರಳಿಗೆ ಹಾಕ್ಬೇಕು, ಐಸ್ ಬಾಕ್ಸ್ ಗಾಡಿಯಲ್ಲೇ ರೆಡಿ ಇರ್ಲಿ. ಈ ಕೆಲಸ ಮಗ ನೋಡ್ಬೇಕು ಅಂತ ನನ್ನ ಅಭಿಪ್ರಾಯ, ಆದ್ರೆ ಬಲವಂತ ಮಾಡ್ಬೇಡಿ.