ವಾಲ್ಪ್ರೊಯೇಟ್ ಕೆಲಸ ಮಾಡುತ್ತಿಲ್ಲ, ಲೆವೆಟಿರಾಸೆಟಮ್‌ಗೆ ಬದಲಾಯಿಸಿಕೊಂಡರೆ ಫಿಟ್ಸ್ ನಿಲ್ಲುತ್ತದೆಯೇ?

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಆವರಣದೊಳಗೆ, "ನಡುವೆ ಕೆಲವು ದಿನ ಮಾತ್ರೆ ತಪ್ಪಿದೆ" ಎಂದಿದೆ. ನಾನು ಉತ್ತರಿಸುತ್ತಿರುವುದು ಆ ಆವರಣಕ್ಕೆ.

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವನು. ಫಿಟ್ಸ್ ಶುರುವಾದಾಗ ಡಾಕ್ಟರು ಫೆನಿಟಾಯಿನ್ ಬರೆದುಕೊಟ್ಟರು, ರಾತ್ರಿ 300 ಮಿಲಿಗ್ರಾಂ. 1938ರಿಂದ ಮೂರ್ಛೆಗೆ ಕೊಡುತ್ತಿರುವ ಹಳೆಯ ಮಾತ್ರೆ, ಅಗ್ಗದ್ದು. ಒಂದೂವರೆ ವರ್ಷ ಫಿಟ್ಸ್ ನನ್ನತ್ತ ಸುಳಿಯಲಿಲ್ಲ. ಆದರೆ ಒಸಡು ಉಬ್ಬಿ ಹಲ್ಲಿನ ಮೇಲೆ ಏರತೊಡಗಿತು. ಆಗಲೇ ಮನೆಯಲ್ಲಿ ಕನ್ಯೆ ನೋಡುವ ಮಾತು ನಡೆದಿತ್ತು. ನಗುವುದಕ್ಕೇ ನಾಚಿಕೆ. ಡಾಕ್ಟರಿಗೆ ಹೇಳಿದ್ದರೆ ಬೇರೆ ಮಾತ್ರೆ ಕೊಡುತ್ತಿದ್ದರು. ಹೇಳದೆ ಮಾತ್ರೆಯನ್ನೇ ಬಿಟ್ಟುಬಿಟ್ಟೆ.

ಬಿಟ್ಟದ್ದೇ ತಪ್ಪು ಎಂದು ಎಲ್ಲರೂ ಅನ್ನುತ್ತಾರೆ. ಅದು ಸಣ್ಣ ತಪ್ಪು. ದೊಡ್ಡದು ತುಳಸಿ ಕುಂಡದಲ್ಲಿದೆ. ಅವ್ವ ಸ್ಟ್ರಿಪ್ ಎಣಿಸುತ್ತಿದ್ದಳು. ಹಾಗಾಗಿ ನಾನು ರಾತ್ರಿ ಮೂರು ಮಾತ್ರೆ ಬಿಡಿಸಿಕೊಂಡು ಹಿತ್ತಿಲಿಗೆ ಹೋಗಿ, ಹಸಿ ಮಣ್ಣಿನಲ್ಲಿ ಬೆರಳೂರಿ ಹುಗಿದು, ಕೈ ತೊಳೆದು ಮಲಗುತ್ತಿದ್ದೆ. ಎಂಟು ದಿನ ಏನೂ ಆಗಲಿಲ್ಲ, ವಾಸಿಯೇ ಆಯಿತು ಎಂದುಕೊಂಡೆ. ಒಂಬತ್ತನೆಯ ದಿನ ಕಾಗದ ಕತ್ತರಿಸುವ ಯಂತ್ರದ ಪಕ್ಕದಲ್ಲೇ ಬಿದ್ದೆ. ಕೈಗೆ ಕೀಲಿಗೊಂಚಲು ಕೊಟ್ಟರಂತೆ, ಮೂಗಿಗೆ ಉಳ್ಳಾಗಡ್ಡಿ ಹಿಡಿದರಂತೆ. (ಎರಡರಿಂದಲೂ ಪ್ರಯೋಜನವಿಲ್ಲ. ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ.)

ಅವ್ವ ಖಾಲಿ ಸ್ಟ್ರಿಪ್ಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಡಾಕ್ಟರ ಮೇಜಿನ ಮೇಲೆ ಸುರಿದಳು. "ಒಂದು ದಿನವೂ ತಪ್ಪಿಸಿಲ್ಲ ಸಾಹೇಬರೇ" ಎಂದಳು. ನಾನು ಗೋಡೆ ನೋಡುತ್ತ ಕುಳಿತಿದ್ದೆ. ತಪ್ಪದೆ ನುಂಗಿದವನಿಗೂ ಫಿಟ್ಸ್ ಬಂದಿದೆ ಎಂದ ಮೇಲೆ ಡಾಕ್ಟರು ಇನ್ನೇನು ಮಾಡಿಯಾರು? 400ಕ್ಕೆ ಏರಿಸಿದರು. ಅವರ ಲೆಕ್ಕ ಸರಿ, ನಾವು ಕೊಟ್ಟ ಅಂಕಿ ಸುಳ್ಳು. ಈ ಸಲ ಹೆದರಿಕೆಗೆ ಒಂದನ್ನೂ ಬಿಡದೆ ನುಂಗಿದೆ. ಫೆನಿಟಾಯಿನ್ ಅರಗಿಸಲು ಯಕೃತ್ತಿಗೆ ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಡೋಸ್ ಸ್ವಲ್ಪ ಹೆಚ್ಚಿದರೂ ರಕ್ತದಲ್ಲಿನ ಪ್ರಮಾಣ ಒಮ್ಮೆಗೇ ಜಿಗಿಯುತ್ತದೆ. ನನಗೆ 300 ಸಾಕಾಗಿತ್ತು. ಮೂರು ವಾರದಲ್ಲಿ ಒಂದು ಬಸ್ಸು ಎರಡಾಗಿ ಕಾಣತೊಡಗಿತು, ನೆಲ ತೂಗತೊಡಗಿತು. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಹಗಲಲ್ಲೇ ಹಾಕಿದ್ದೀಯಾ?" ಎಂದು ಕೆಳಗಿಳಿಸಿದ. ಅದನ್ನು ನೋಡಿದವರಲ್ಲಿ ಕನ್ಯೆಯ ಸೋದರಮಾವನೂ ಇದ್ದ. ಆ ಸಂಬಂಧ ಅಲ್ಲಿಗೇ ಮುಗಿಯಿತು. ರಕ್ತ ಪರೀಕ್ಷೆಯಲ್ಲಿ 10ರಿಂದ 20ರೊಳಗೆ ಇರಬೇಕಾದ ಫೆನಿಟಾಯಿನ್ ಪ್ರಮಾಣ 34 ಇತ್ತು. ಕುಂಡದ ಕಥೆ ಬಾಯಿಗೆ ಬಂದದ್ದು ಆಗ.

ಆದ್ದರಿಂದ ಯಾವ ಮಾತ್ರೆ ಉತ್ತಮ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನುಂಗದ ವಾಲ್ಪ್ರೊಯೇಟ್ ಸೋತಿದೆ ಎಂದು ಹೇಗೆ ಹೇಳುತ್ತೀರಿ? ನಾನು ಈಗ ಲೆವೆಟಿರಾಸೆಟಮ್ ಮೇಲಿದ್ದೇನೆ. ಹಳೆಯದನ್ನು ವಾರಗಟ್ಟಲೆ ಇಳಿಸುತ್ತ, ಹೊಸದನ್ನು ಏರಿಸುತ್ತ ಬದಲಾಯಿಸಿದರು. ಒಸಡು ಇಳಿಯಿತು, ಮೊದಲ ತಿಂಗಳು ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು, ಅವ್ವನೊಂದಿಗೆ ಉಪ್ಪಿಗೂ ಜಗಳ. ವಾಲ್ಪ್ರೊಯೇಟ್‌ನಿಂದ ತೂಕ ಏರಬಹುದು, ಕೂದಲು ಉದುರಬಹುದು. ನೀವು ಮಹಿಳೆಯಾಗಿದ್ದು ಮುಂದೆ ಮಗು ಆಗಬೇಕೆಂದಿದ್ದರೆ ಮಾತ್ರ ಬದಲಾವಣೆಯ ಮಾತನ್ನು ನೀವೇ ಎತ್ತಿ, ಈ ವಾರವೇ. ವಾಲ್ಪ್ರೊಯೇಟ್ ಗರ್ಭದ ಶಿಶುವಿಗೆ ಅಪಾಯ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ.

ಉಳಿದಂತೆ, ತಪ್ಪಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹಾಳೆಯನ್ನೇ ಹರಿದುಕೊಂಡು ಡಾಕ್ಟರ ಬಳಿ ಹೋಗಿ. ಮನೆಯವರು ಜೊತೆಗೆ ಬಂದರೆ ಐದು ನಿಮಿಷ ಹೊರಗೆ ಕೂರಿಸಿ.